ಗೋಡೆಗೆ ಮುಖ ಮಾಡಿ ಕೂತವನು

ನಮ್ಮ ಗುಂಪಿನಲ್ಲಿ ಬರೆದವರು ತಮ್ಮದನ್ನು ತಾವೇ ಓದುವಂತಿಲ್ಲ. ಬರೆದವರು ಕುರ್ಚಿ ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂರಬೇಕು, ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಓದಿ ಮುಗಿದ ಮೇಲೆ ಉಳಿದವರು ತಮಗನ್ನಿಸಿದ್ದನ್ನು ಹೇಳಬೇಕು. ಅದೆಲ್ಲ ಮುಗಿಯುವವರೆಗೆ ಬರೆದವರು ತುಟಿ ಬಿಚ್ಚುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ ಮತ್ತೊಂದಿತ್ತು. “ಇದು ನಿಜವಾಗಿ ನಡೆದದ್ದಾ?” ಎಂದು ಯಾರೂ ಯಾರನ್ನೂ ಕೇಳಬಾರದು.

ಆ ಗುಂಪಿಗೆ ನಾನು ಹೋಗಿ ಸೇರಿದ್ದು ನನ್ನ ರಾತ್ರಿ ಶಾಲೆಯ ಟೀಚರಮ್ಮನ ದೆಸೆಯಿಂದ. ನಾನು ದುಡಿಯುವ ವಯಸ್ಸನ್ನೆಲ್ಲ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತ ಕಳೆದವಳು. ಹಬೆಯಲ್ಲಿ ಬೆಂದ ಬೆರಳುಗಳಿಗೆ ಪೆನ್ಸಿಲ್ ಹಿಡಿಯುವ ಯೋಗ ಬಂದದ್ದು ತಲೆ ಪೂರ್ತಿ ಬೆಳ್ಳಗಾದ ಮೇಲೆ. ಅಕ್ಷರ ಕೂಡಿಸಲು ಬಂದದ್ದೇ ತಡ, ಬರೆಯುವ ಹುಚ್ಚು ಹಿಡಿಯಿತು. ಬರೆದದ್ದೆಲ್ಲ ಟ್ರಂಕು ಸೇರುತ್ತಿತ್ತು. ಒಂದು ದಿನ ಟೀಚರಮ್ಮ ನಗುತ್ತ, “ಮುಚ್ಚಿಟ್ಟ ಬರಹ ಟ್ರಂಕೊಳಗೆ ಮರಿ ಹಾಕುತ್ತೆ ಅಂದ್ಕೊಂಡ್ರಾ ಅಜ್ಜಿ? ಹೋಗಿ, ನಾಲ್ಕು ಜನರ ಕೈಲಿ ಬೈಸ್ಕೊಂಡು ಬನ್ನಿ” ಎಂದು ವಿಳಾಸ ಬರೆದುಕೊಟ್ಟಳು.

ಕನ್ನಡಕದ ಅಂಗಡಿಯ ಮೇಲಿನ ಕೋಣೆ. ಭಾನುವಾರ ಮಧ್ಯಾಹ್ನ ಅಂಗಡಿಗೆ ಬೀಗ ಬಿದ್ದ ಮೇಲೆ ಅವರು ಅಲ್ಲಿ ಸೇರುತ್ತಿದ್ದರು. ಉದ್ದನೆಯ ಮೇಜು, ಒಂದಕ್ಕೊಂದು ಹೊಂದದ ಕುರ್ಚಿಗಳು, ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಹಳೆಯ ಫಲಕ. ಮೊದಲ ದಿನ ಮೂವರಿದ್ದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಗುಂಪಿನ ಯಜಮಾನರು. ವಾಚು ರಿಪೇರಿ ಮಾಡುವ ಗಡಿಯಾರದಣ್ಣ ಬೆಣ್ಣೆಯಲ್ಲಿ ಕೂದಲು ಹುಡುಕುವ ಜಾತಿಯವನು. ಮೂರನೆಯವಳು ನರ್ಸಮ್ಮ. ಅವಳ ಬಾಯಿ ಸೂಜಿ, ಕೈ ಮಾತ್ರ ಹತ್ತಿ.

ನನ್ನ ಮೊದಲ ಬರಹ ಲಾಂಡ್ರಿಯ ಬಗ್ಗೆ ಇತ್ತು. ನಾನು ಗೋಡೆಗೆ ಮುಖ ಮಾಡಿ ಕೂತೆ. ಸುಣ್ಣ ಗುಳ್ಳೆ ಎದ್ದಿದ್ದ ಗೋಡೆ ನೋಡುತ್ತ, ನನ್ನ ಮಾತುಗಳನ್ನು ನರ್ಸಮ್ಮನ ಬಾಯಲ್ಲಿ ಕೇಳುತ್ತ, ಬೆನ್ನೆಲ್ಲ ಬೆವತಿತು.

“ಹಬೆ, ಹಬೆ, ಹಬೆ! ನನ್ನ ಕನ್ನಡಕನೇ ಮಂಜಾಯ್ತು,” ಎಂದ ಗಡಿಯಾರದಣ್ಣ.

“ಮೊದಲೆರಡು ಪುಟ ಅಜ್ಜಿ ಬರೀ ಗಂಟಲು ಸರಿಮಾಡ್ಕೊಂಡಿದ್ದಾರೆ,” ಎಂದಳು ನರ್ಸಮ್ಮ. “ಹಾಡು ಶುರುವಾಗೋದು ಮೂರನೇ ಪುಟದಲ್ಲಿ.”

ನಾನು ಬಾಯಿ ತೆರೆಯಹೋದೆ. “ಉಹ್ಞೂಂ,” ಎಂದರು ಮೇಷ್ಟ್ರು. “ಗೋಡೆ ನೋಡಿ. ಗೋಡೆ ಬೈಯಲ್ಲ.”

ಮನೆಗೆ ಬಂದವಳು ಸಿಟ್ಟಿಗೆ ಊಟ ಮಾಡಲಿಲ್ಲ. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಅಂದುಕೊಂಡೆ. ಬೆಳಿಗ್ಗೆ ಎದ್ದು, ಸುಮ್ಮನೆ ಒಂದು ಸಲ ನೋಡೋಣ ಎಂದು ಆ ಎರಡು ಪುಟ ತೆಗೆದಿಟ್ಟು ಓದಿದೆ. ಕಟ್ಟಿಹಾಕಿದ್ದ ಕರುವನ್ನು ಬಿಚ್ಚಿದ ಹಾಗಾಯಿತು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ನಾನೇ ಹೋಗಿ ಕೂತಿದ್ದೆ.

ಅವರಿಂದ ನಾನು ಬರೆಯುವುದಕ್ಕಿಂತ ಹೆಚ್ಚಾಗಿ ಕೇಳುವುದನ್ನು ಕಲಿತೆ. ಎಲ್ಲಿ ಲೇಖನಿ ತಾನಾಗಿ ಓಡಿದೆ, ಎಲ್ಲಿ ಏನನ್ನೋ ಮುಚ್ಚಿಡಲು ಪಕ್ಕಕ್ಕೆ ಸರಿದಿದೆ ಎನ್ನುವುದು ಕಿವಿಗೆ ತಿಳಿಯತೊಡಗಿತು. ಬರಬರುತ್ತ ಓದುವ ಕೆಲಸ ನನಗೇ ಬಂತು. ನಾನು ಅಕ್ಷರ ಅಕ್ಷರವಾಗಿ, ನಿಧಾನಕ್ಕೆ ಓದುವವಳು. “ಅಜ್ಜಿ ಓದಿದ್ರೆ ಒಂದು ಸುಳ್ಳೂ ತಪ್ಪಿಸ್ಕೊಳಲ್ಲ,” ಎನ್ನುತ್ತಿದ್ದರು ಮೇಷ್ಟ್ರು.

ಹೀಗಿರುವಾಗ ಬಡಗಿ ಬಂದ.

ನಡುವಯಸ್ಸಿನವನು. ಮಿತಮಾತು. ಇಸ್ತ್ರಿ ಮಾಡಿದ ಅಂಗಿ, ಆದರೆ ಕಿವಿಯ ಮೇಲಿನ ಕೂದಲಲ್ಲಿ ಮರದ ಹೊಟ್ಟು. ಬಂದ ದಿನವೇ ಕುಂಟುತ್ತಿದ್ದ ನಮ್ಮ ಮೇಜಿನ ಕಾಲನ್ನು ಬಗ್ಗಿ ನೋಡಿ, ಜೇಬಿನಿಂದ ಚೂರು ಮರ ತೆಗೆದು ಸಿಕ್ಕಿಸಿದ. ಮೇಜು ಗಟ್ಟಿಯಾಗಿ ನಿಂತಿತು. ಎಲ್ಲರಿಗೂ ಅವನು ಹಿಡಿಸಿಬಿಟ್ಟ.

ಅವನ ಕಥೆಯ ಮೊದಲ ಅಧ್ಯಾಯವನ್ನು ಓದಿದವಳು ನಾನು. ಒಬ್ಬ ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಮನೆಯಲ್ಲಿ ದರ್ಜಿಯನ್ನು ಸಾಕಿ ಬೆಳೆಸಿದ ಅಣ್ಣ. ಅಣ್ಣನಿಗೆ ಕಣ್ಣು ಮಂಜಾಗುತ್ತ ಈಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದು. ಮನೆ ಅಂಗಡಿ ಎರಡೂ ಅಣ್ಣನ ಹೆಸರಲ್ಲಿವೆ. ಎಲ್ಲಾದರೂ ದೂರ ಹೋಗಿ ತನ್ನದೇ ಬದುಕು ಮಾಡಬೇಕೆಂದು ದರ್ಜಿಗೆ ಆಸೆ. ಅಣ್ಣ ಇರುವವರೆಗೆ ಅದಾಗದು. ಅಧ್ಯಾಯದ ಕೊನೆಯ ಸಾಲು ಹೀಗಿತ್ತು: ‘ಅಣ್ಣ ಮೆಟ್ಟಿಲಿಳಿಯುವ ಸದ್ದು ಕೇಳುತ್ತ, ಇವನೊಮ್ಮೆ ಬೀಳಬಹುದಲ್ಲವೇ ಎಂದು ಅವನಿಗನ್ನಿಸಿತು.’

ನಾನು ಓದಿ ಹಾಳೆ ಕೆಳಗಿಟ್ಟೆ. ನರ್ಸಮ್ಮ, “ಮೈ ಜುಮ್ಮಂತು ಕಣಯ್ಯ,” ಎಂದಳು. ಮೇಷ್ಟ್ರು, “ಇಷ್ಟು ದಿನ ನಮ್ಮಲ್ಲಿ ಬರೀ ಬರೆಯೋರಿದ್ರು. ಈಗೊಬ್ಬ ಬರಹಗಾರ ಬಂದ,” ಎಂದರು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ.

ಅಲ್ಲಿಂದ ಮುಂದೆ ಭಾನುವಾರಗಳೆಲ್ಲ ಅವನವೇ ಆದವು. ದರ್ಜಿ ಅಣ್ಣನನ್ನು ಬೀಳಿಸುವುದು ಹೇಗೆ ಎನ್ನುವುದೇ ಕಥೆ. ನಾವು ಮೇಜಿನ ಸುತ್ತ ಕೂತು, ಟೀ ಹೀರುತ್ತ, ಅದರ ತೂತುಗಳನ್ನು ಹುಡುಕುತ್ತಿದ್ದೆವು.

“ದರ್ಜಿ ಹಿಡಿಗಂಬಿಯ ಒಂದು ಸ್ಕ್ರೂ ಬಿಚ್ಚಿಡ್ತಾನೆ ಅಂತ ಬರೆದಿದ್ದೀಯ,” ಎಂದ ಗಡಿಯಾರದಣ್ಣ. “ನಂಬೋಕಾಗಲ್ಲ. ಬಿದ್ದ ಮೇಲೆ ಜನ ಬಂದು ಮೊದಲು ನೋಡೋದೇ ಅದನ್ನ. ಬಿಚ್ಚಿದ ಗುರುತು ಹೊಸದಾಗಿ ಹೊಳೀತಿರುತ್ತೆ.”

“ಪೂರ್ತಿ ಕಂಬಿಯನ್ನೇ ತೆಗೆಸಿಬಿಡು,” ಎಂದರು ಮೇಷ್ಟ್ರು ಉತ್ಸಾಹದಿಂದ. “ರಿಪೇರಿಗೆ ಅಂತ. ಬೀದಿಗೆಲ್ಲ ಹೇಳ್ಕೊಂಡು ಮಾಡಲಿ. ಮುಚ್ಚಿಟ್ಟದ್ದನ್ನ ತಾನೇ ಜನ ಹುಡುಕೋದು? ಎದುರಿಗಿಟ್ಟದ್ದನ್ನ ಯಾರು ನೋಡ್ತಾರೆ?”

“ಬಿದ್ದ ತಕ್ಷಣ ಜೀವ ಹೋಗುತ್ತೆ ಅನ್ನೋದು ಸಿನಿಮಾ,” ಎಂದಳು ನರ್ಸಮ್ಮ. “ಮುರ್ಕೊಂಡು ಬಿದ್ದಿರ್ತಾರೆ, ಕೂಗ್ತಾರೆ. ಎಷ್ಟೋ ಹೊತ್ತು ಯಾರೂ ಬರದೇ ಇದ್ರೇನೇ ಅಪಾಯ. ಅಂಗಡಿ ಮುಚ್ಚಿರೋ ದಿನ ಇಡು. ಬೀದಿ ಖಾಲಿ ಇರೋ ಹೊತ್ತು.”

“ಮತ್ತೆ ಆ ಹೊತ್ತಿಗೆ ದರ್ಜಿ ಎಲ್ಲಿದ್ದ?” ಮೇಷ್ಟ್ರು ಬೆರಳೆತ್ತಿದರು. “ಓದುಗ ಮೊದಲು ಕೇಳೋದೇ ಅದು. ಅವನು ನಾಲ್ಕು ಜನರ ಕಣ್ಣೆದುರು ಇರಬೇಕು. ‘ನಮ್ಮ ಜೊತೇನೇ ಇದ್ದ ಸ್ವಾಮಿ’ ಅಂತ ಅವರು ಆಣೆ ಮಾಡಿ ಹೇಳೋ ಹಾಗೆ.”

ಬಡಗಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದ. ತೊಡೆಯ ಮೇಲೆ ರಟ್ಟಿಟ್ಟುಕೊಂಡು ಚಪ್ಪಟೆ ಪೆನ್ಸಿಲಿನಲ್ಲಿ ಒಂದೊಂದನ್ನೂ ಗೀಚಿಕೊಳ್ಳುತ್ತಿದ್ದ. ನಮಗೆ ಕಾಣುತ್ತಿದ್ದದ್ದು ಅವನ ಕುತ್ತಿಗೆ ಮಾತ್ರ. ಮುಂದಿನ ವಾರ ತೂತುಗಳೆಲ್ಲ ಮುಚ್ಚಿರುತ್ತಿದ್ದವು. ಅಷ್ಟು ವಿಧೇಯ ಬರಹಗಾರನನ್ನು ನಾವು ಕಂಡಿರಲಿಲ್ಲ. ನಾವು ಹೇಳಿದ್ದನ್ನೆಲ್ಲ ಮಾಡುತ್ತಿದ್ದ.

ನಾನು ಮೊದಲು ಎಡವಿದ್ದು ಬಳೆಯಲ್ಲಿ.

ಅಣ್ಣ ಗೋಡೆ ತಡವುತ್ತ ಮೆಟ್ಟಿಲಿಗೆ ಬರುವ ಜಾಗವನ್ನು ಓದುತ್ತಿದ್ದೆ. ಅಲ್ಲಿ, ‘ಅಂಗೈ ಗೋಡೆಯ ಮೇಲೆ ಜಾರುತ್ತ ಬಂತು, ಬಳೆ ಸುಣ್ಣಕ್ಕೆ ಉಜ್ಜಿ ಕಿರ್ರೆಂದಿತು’ ಎಂದು ಬರೆದಿತ್ತು. ಇದ್ದದ್ದನ್ನು ಇದ್ದ ಹಾಗೆ ಓದಿಬಿಟ್ಟೆ.

ಗಡಿಯಾರದಣ್ಣ ಮೇಜು ಬಡಿದು ನಕ್ಕ. “ಅಣ್ಣ ಯಾವಾಗಿಂದ ಬಳೆ ತೊಡೋಕೆ ಶುರು ಮಾಡಿದ?”

“ಕೈತಪ್ಪು. ಹೊಡೆದುಹಾಕು,” ಎಂದರು ಮೇಷ್ಟ್ರು. ಎಲ್ಲರೂ ಮುಂದಿನ ಮಾತಿಗೆ ಹೋದರು.

ನನಗೆ ಹೋಗಲಾಗಲಿಲ್ಲ. ಆ ಅಧ್ಯಾಯದಲ್ಲಿ ನನ್ನ ಕಿವಿಗೆ ಇಷ್ಟವಾಗಿದ್ದ ಸಾಲು ಅದೊಂದೇ. ಮಿಕ್ಕದ್ದೆಲ್ಲ ಯೋಚಿಸಿ ಬರೆದದ್ದು, ಅದು ಕೇಳಿಸಿಕೊಂಡು ಬರೆದದ್ದು. ಇಲ್ಲದ ಅಣ್ಣನನ್ನು ಕಟ್ಟುವವನಿಗೆ ಬಳೆಯ ಸದ್ದು ಎಲ್ಲಿಂದ ಕೇಳಿಸಬೇಕು? ಬಡಗಿಯ ಕುತ್ತಿಗೆ ನೋಡಿದೆ. ಕಿವಿಯ ಹಿಂದಿನಿಂದ ಅಂಗಿಯ ಕಾಲರಿನವರೆಗೆ ಕೆಂಪಾಗಿತ್ತು. ಮಾತು ಮುಗಿದು ತಿರುಗಿದಾಗ ಅವನು ಗಡಿಯಾರದಣ್ಣನ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿದ.

“ತಪ್ಪಾಯ್ತು,” ಎಂದ. “ತೆಗೀತೀನಿ.”

ಅವತ್ತು ಕೆಳಗಿಳಿಯುವಾಗ ಮೇಷ್ಟ್ರನ್ನು ತಡೆದು ನಿಲ್ಲಿಸಿ ನನ್ನ ಅನುಮಾನ ಹೇಳಿದೆ. ಅವರು ನನ್ನ ಭುಜ ತಟ್ಟಿದರು. “ಅಜ್ಜಿ, ಕೊಲೆ ಬರೆದವರೆಲ್ಲ ಕೊಲೆಗಾರರಾದ್ರೆ ದೇಶದಲ್ಲಿರೋ ಲೇಖಕರೆಲ್ಲ ಕಂಬಿ ಎಣಿಸಬೇಕಾಗುತ್ತೆ. ಅದಕ್ಕೇ ತಾನೇ ಆ ನಿಯಮ? ನಿಜಾನಾ ಅಂತ ಕೇಳಿದ ದಿನ ಈ ಗುಂಪು ಮುಗೀತು. ನೀವೂ ನಿಮ್ಮತ್ತೆ ಬಗ್ಗೆ ಬರೆದಿದ್ರಲ್ಲ, ನಾವು ಬಾಯಿ ಬಿಟ್ವಾ?”

ಅದೂ ಸರಿಯೇ. ನಾನು ನನ್ನ ಅತ್ತೆಯನ್ನು ಕಥೆಯಲ್ಲಿ ಎರಡು ಸಲ ಬಾವಿಗೆ ತಳ್ಳಿದ್ದೆ. ಆಕೆ ತೊಂಬತ್ತು ದಾಟಿ, ಹಾಸಿಗೆಯಲ್ಲಿ ನನ್ನನ್ನು ಬೈಯುತ್ತಲೇ ನೆಮ್ಮದಿಯಾಗಿ ಸತ್ತಿದ್ದಳು.

ಆದರೂ ತಲೆಯಲ್ಲಿ ಇರುವೆ ಬಿಟ್ಟುಕೊಂಡ ಹಾಗಿತ್ತು. ಎರಡು ದಿನ ಕಳೆದು, ನನ್ನ ಹೊಲಿಗೆ ಮಿಷನ್ನಿನ ಮುಂದಿನ ಮಣೆಯ ಕಾಲು ಸಡಿಲವಾಗಿದೆ ಎಂಬ ನೆವ ಮಾಡಿಕೊಂಡು ಅವನ ಅಂಗಡಿಗೆ ಹೋದೆ. ನಮ್ಮ ಬೀದಿಯ ಹಿಂದಿನ ಬೀದಿಯೇ. ಕೆಳಗೆ ಕೆಲಸದ ಜಾಗ, ಒಳಮೂಲೆಯಲ್ಲಿ ಕಡಿದಾದ ಮರದ ಮೆಟ್ಟಿಲು. ಬಡಗಿ ಕಾಣಲಿಲ್ಲ. ಬಾಗಿಲ ಕರೆಗಂಟೆ ಒತ್ತಿದೆ.

“ಬಂದೇ, ಬಂದೇ, ಓಡಿ ಹೋಗ್ಬೇಡಿ!” ಮೇಲಿನಿಂದ ಹೆಂಗಸಿನ ದನಿ.

ಹಿಡಿಗಂಬಿಯ ಮೇಲೆ ಕೈ ಜಾರಿಸುತ್ತ, ಚಿಕ್ಕ ಹುಡುಗಿಯ ಹಾಗೆ ಬಿರಬಿರನೆ ಇಳಿದು ಬಂದಳು. ನನ್ನ ಓರಗೆಯವಳಿರಬಹುದು, ಸ್ವಲ್ಪ ಚಿಕ್ಕವಳು. ಕಣ್ಣುಗಳು ನನ್ನ ಮುಖ ಬಿಟ್ಟು ನನ್ನ ಭುಜ ನೋಡುತ್ತಿದ್ದವು. ಕೈ ತುಂಬ ಗಾಜಿನ ಬಳೆ.

ಸುಣ್ಣಕ್ಕೆ ಉಜ್ಜಿದ ಬಳೆಯ ಸಾಲು ಕಿವಿಯಲ್ಲಿ ಮತ್ತೆ ಕಿರ್ರೆಂದಿತು.

“ನಿಧಾನಕ್ಕೆ ಇಳೀರಮ್ಮ,” ಎಂದೆ.

“ಈ ಮೆಟ್ಟಿಲು ಮುದಿ ಗಂಡ ಇದ್ದ ಹಾಗೆ. ಎಲ್ಲಿ ಗುರ್ ಅನ್ನುತ್ತೆ, ಎಲ್ಲಿ ಸುಮ್ಮನಿರುತ್ತೆ, ಎಲ್ಲಾ ಗೊತ್ತು,” ಎಂದು ನಕ್ಕಳು. “ಕಂಬಿ ಒಂದು ಕೈಯಲ್ಲಿದ್ರೆ ಸಾಕು, ಬಿಡಿ. ಅದಕ್ಕೂ ವಯಸ್ಸಾಗಿದೆಯಂತೆ. ತಮ್ಮ ಬಿಚ್ಚಿ ಬಣ್ಣ ಹೊಡೀತೀನಿ ಅಂತಿದ್ದಾನೆ.”

“ತಮ್ಮ?”

“ಬಡಗಿ. ನಾನೇ ಎತ್ತಿ ಆಡಿಸಿ ಬೆಳೆಸಿದ್ದು. ಈಗ ಅವನೇ ನನ್ನನ್ನ ನೋಡ್ಕೊಳ್ತಾನೆ. ಅಲ್ಲಾ, ಅವನೊಂದು ಗುಂಪಿಗೆ ಹೋಗ್ತಾನಲ್ಲ, ಅಲ್ಲಿ ಓದೋ ಅಜ್ಜಿ ನೀವೇನಾ? ಹೇಳ್ತಿರ್ತಾನೆ, ‘ಆ ಅಜ್ಜಿ ಓದೋವಾಗ ಒಂದಕ್ಷರ ಬಿಡಲ್ಲ’ ಅಂತ. ಏನು ಬರೀತಾನೆ ಅವನು? ನಂಗೆ ಒಂದು ಸಾಲೂ ಓದಿ ಹೇಳಿಲ್ಲ ಕಳ್ಳ.”

ಏನು ಹೇಳಲಿ? “ಅಣ್ಣ ತಮ್ಮಂದಿರ ಕಥೆ,” ಎಂದೆ.

“ಓಹೋ, ಅಣ್ಣ ಬೇರೆ ಬೇಕಾಯ್ತಾ ಅವನಿಗೆ!” ಎಂದು ಮತ್ತೆ ನಕ್ಕಳು.

ಅಷ್ಟರಲ್ಲಿ ಬಡಗಿ ಹಲಗೆ ಹೊತ್ತು ಒಳಗೆ ಬಂದ. ನನ್ನನ್ನು ಕಂಡು ಹಲಗೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟ. ಮಣೆ ಇಸಿದುಕೊಂಡು ಅಲ್ಲಾಡಿಸಿ ನೋಡಿದ. “ಇದು ಗಟ್ಟಿಯಾಗೇ ಇದೆಯಲ್ಲ ಅಜ್ಜಿ,” ಎಂದ.

“ಮುದುಕಿ ಕೈಗೆ ಎಲ್ಲಾ ಸಡಿಲವಾಗೇ ಕಾಣುತ್ತಪ್ಪ,” ಎಂದೆ.

ಅವನು ನಗಲಿಲ್ಲ. ಮಣೆಯನ್ನು ವಾಪಸ್ಸು ಕೊಟ್ಟು, ನಾನು ಬೀದಿ ತಿರುಗುವವರೆಗೂ ಬಾಗಿಲಲ್ಲೇ ನಿಂತಿದ್ದ.

ಆ ಭಾನುವಾರದ ಅಧ್ಯಾಯದಲ್ಲಿ ದರ್ಜಿ ಹಿಡಿಗಂಬಿಯನ್ನು ಬಿಚ್ಚಿ ಕೆಳಗಿಳಿಸಿದ. ಬಣ್ಣಕ್ಕೆಂದು ಅಂಗಡಿಯ ಮುಂದೆಯೇ, ಬೀದಿಗೆಲ್ಲ ಕಾಣುವಂತೆ ಒರಗಿಸಿದ. ‘ನೋಡಿಕೊಂಡು ಇಳಿ ಅಣ್ಣ, ಕಂಬಿ ಇಲ್ಲ’ ಎಂದು ನೆರೆಯವರಿಗೆ ಕೇಳುವಂತೆ ಕೂಗಿ ಹೇಳಿದ. ಗುಂಪು ಚಪ್ಪಾಳೆ ತಟ್ಟಿತು. ಮೇಷ್ಟ್ರು, “ಎಲ್ಲಾ ತೂತೂ ಮುಚ್ಚಿದೆ. ಇನ್ನೊಂದೇ ಅಧ್ಯಾಯ. ಬರುವ ವಾರ ಮುಗಿಸ್ತೀಯಲ್ಲ?” ಎಂದು ಕೇಳಿದರು.

“ಮುಗಿಸ್ತೀನಿ ಸರ್,” ಎಂದ ಬಡಗಿ. “ಎಲ್ಲರೂ ಬರಬೇಕು. ಯಾರೂ ತಪ್ಪಿಸಬಾರದು.”

ಎಲ್ಲರೂ ಬರುತ್ತೇವೆಂದು ಮಾತು ಕೊಟ್ಟರು. ನನಗೆ ಕೂತ ಕುರ್ಚಿಯೇ ತಣ್ಣಗಾಯಿತು. ನಾಲ್ಕು ಜನರ ಕಣ್ಣೆದುರು ಇರಬೇಕು ಎಂದಿದ್ದರು ಮೇಷ್ಟ್ರು. ನಾವೇ ನಾಲ್ಕು ಜನ. ಅಂಗಡಿ ಮುಚ್ಚಿರುವ ದಿನ, ಬೀದಿ ಖಾಲಿ ಇರುವ ಹೊತ್ತು. ಭಾನುವಾರ ಮಧ್ಯಾಹ್ನ. ನಮ್ಮ ಕಡೆ ಬೆನ್ನು ಮಾಡಿ ಅವನು ಇಲ್ಲೇ ಕೂತಿರುತ್ತಾನೆ, ನಾವು ಕಣ್ಣು ಕೀಳದೆ ಅದೇ ಬೆನ್ನು ನೋಡುತ್ತಿರುತ್ತೇವೆ.

ವಾರದ ನಡುವೆ ಅವನ ಬೀದಿಯಲ್ಲಿ ಹಾದುಹೋದೆ. ಹಿಡಿಗಂಬಿ ಅಂಗಡಿಯ ಮುಂದೆ ಒರಗಿತ್ತು. ಹೊಸ ಬಣ್ಣದ ವಾಸನೆ.

ಪೊಲೀಸ್ ಠಾಣೆಯ ಬಾಗಿಲವರೆಗೂ ಹೋಗಿ ಬಂದೆ. ಒಳಗೆ ಹೋಗಿ ಹೇಳುವುದೇನನ್ನು? ಒಬ್ಬ ಕಥೆ ಬರೆದ, ಮತ್ತೆ ತನ್ನ ಮನೆಯ ಕಂಬಿಗೆ ಬಣ್ಣ ಹೊಡೆದ ಎಂದೇ? ಅವಳಿಗೇ ಹೇಳೋಣವೆಂದರೆ ನಾಲಿಗೆ ಏಳಲಿಲ್ಲ. ಒಂದು ಬಳೆಯ ಸದ್ದನ್ನು ನಂಬಿ, ಹೊತ್ತು ಸಾಕಿದ ಅಕ್ಕನ ಮುಂದೆ ತಮ್ಮನನ್ನು ಕೊಲೆಗಾರ ಎನ್ನುವುದು ಹೇಗೆ? ನನ್ನದು ಬರೀ ಭ್ರಮೆಯಾಗಿದ್ದರೆ ಅವರಿಬ್ಬರ ನಡುವೆ ಹುಳಿ ಹಿಂಡಿದ ಪಾಪ ನನ್ನ ತಲೆಗೆ. ಭ್ರಮೆಯಲ್ಲದಿದ್ದರೆ ಅವಳ ಜೀವ.

ಭಾನುವಾರ ಊಟವಾದ ಮೇಲೆ ಅವನ ಬೀದಿಯ ತಿರುವಿನಲ್ಲಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿದ್ದೆ. ಬಡಗಿ ಹೊರಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ರಟ್ಟು. ಬಾಗಿಲಿಗೆ ಚಿಲಕ ಹಾಕಲಿಲ್ಲ, ಸುಮ್ಮನೆ ಎಳೆದುಕೊಂಡ. ಅವನು ಮರೆಯಾದದ್ದೇ ನಾನು ಎದ್ದು ಹೋಗಿ, ಗಂಟೆ ಒತ್ತದೆ ಬಾಗಿಲು ತಳ್ಳಿ, ಮೇಲೆ ಹತ್ತಿದೆ. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಏನೂ ಇಲ್ಲ. ಗೋಡೆಗೆ ಎರಡೂ ಅಂಗೈ ಒತ್ತಿಕೊಂಡೇ ಮೇಲೆ ಮುಟ್ಟಿದೆ.

“ಯಾರು?”

“ಓದೋ ಅಜ್ಜಿ. ನಮ್ಮನೆಗೆ ಬರ್ತೀರಾ? ಒಬ್ಬಳೇ ಕೂತು ಕೂತು ಬೇಜಾರು. ಸಾಯಂಕಾಲದವರೆಗೆ ಇದ್ದುಬಿಡಿ.”

“ಅಯ್ಯೋ, ಯಾರೋ ಸಾಮಾನು ತಂದು ಕೊಡ್ತಾರಂತೆ, ಗಂಟೆ ಒತ್ತಿದ ತಕ್ಷಣ ಇಳಿದು ಇಸ್ಕೋ ಅಂದಿದ್ದಾನೆ ತಮ್ಮ.”

ನನ್ನದು ಭ್ರಮೆ ಇರಬಹುದೆಂಬ ಎಳೆಯಷ್ಟು ಆಸೆಯೂ ಅಲ್ಲೇ ಹೋಯಿತು. “ಬಾಗಿಲಿಗೆ ಒರಗಿಸಿ ಹೋಗ್ತಾರೆ, ಬನ್ನಿ,” ಎಂದೆ. ಅವಳ ಕೈಯನ್ನು ನನ್ನ ಹೆಗಲ ಮೇಲಿಟ್ಟುಕೊಂಡು, ನಾನು ಮುಂದೆ ಅವಳು ಹಿಂದೆ, ಗೋಡೆಗೆ ಅಂಟಿಕೊಂಡು ಇಳಿದೆವು. ಅವಳು ದಾರಿಯಿಡೀ ಮಾತಾಡಿದಳು. ಆದರೆ ಆ ಮೆಟ್ಟಿಲುಗಳ ಮೇಲೆ ಮಾತ್ರ ಬಾಯಿ ಮುಚ್ಚಿದ್ದಳು. ಅದನ್ನು ನಾನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಅವಳನ್ನು ನನ್ನ ಕೋಣೆಯಲ್ಲಿ ಕೂರಿಸಿ, “ಗುಂಪಲ್ಲಿ ಓದಿ ಬಂದುಬಿಡ್ತೀನಿ” ಎಂದು ಹೇಳಿ, ಹೊರಗಿನಿಂದ ಬೀಗ ಹಾಕಿಕೊಂಡು ಏದುಸಿರು ಬಿಡುತ್ತ ಗುಂಪಿಗೆ ಹೋದೆ.

“ಅಜ್ಜಿ ತಡವಾದ ಮೊದಲ ದಿನ,” ಎಂದಳು ನರ್ಸಮ್ಮ. “ಕೊನೇ ಅಧ್ಯಾಯ ಕೇಳೋಕೆ ನಾನು ಕಸ ಗುಡಿಸದೇ ಬಂದಿದ್ದೀನಿ.”

ಬಡಗಿ ಹಾಳೆಗಳನ್ನು ನನ್ನ ಕೈಗೆ ಕೊಟ್ಟ. ಕುರ್ಚಿ ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತ. ನಾನು ಓದತೊಡಗಿದೆ.

ದರ್ಜಿ ಭಾನುವಾರ ಮಧ್ಯಾಹ್ನ ಚದುರಂಗ ಆಡುವ ಗೆಳೆಯರ ಮನೆಗೆ ಹೋಗಿದ್ದಾನೆ. ಮೂರು ನಾಲ್ಕು ಜನ ಸುತ್ತ ಕೂತು ಅವನ ಆಟ ನೋಡುತ್ತಿದ್ದಾರೆ. ಅವನು ಆನೆಯನ್ನು ಎತ್ತಿ ಹಿಡಿದು ಯೋಚಿಸುತ್ತಿದ್ದಾನೆ. ಅದೇ ಹೊತ್ತಿಗೆ ಮನೆಯ ಬಾಗಿಲಲ್ಲಿ ಸಾಮಾನು ತಂದವನೊಬ್ಬ ಗಂಟೆ ಒತ್ತುತ್ತಾನೆ. ಮೇಲೆ ಅಣ್ಣ ಎದ್ದು ನಿಲ್ಲುತ್ತಾನೆ.

ಬಡಗಿ ಕೈ ತಿರುಗಿಸಿ ವಾಚು ನೋಡಿಕೊಂಡ.

ಹಾಳೆಯಲ್ಲಿ ಮುಂದೇನಿದೆ ಎಂದು ನನ್ನ ಕಣ್ಣು ಓಡಿ ನೋಡಿತು. ಎಲ್ಲವೂ ಅಂದುಕೊಂಡ ಹಾಗೇ ಇತ್ತು. ಕೈ ಕಂಬಿಯನ್ನು ಹುಡುಕುತ್ತದೆ, ಕಂಬಿ ಇಲ್ಲ. ತುಂಬ ಚೆನ್ನಾಗಿ ಬರೆದಿದ್ದ. ನಾನು ಅದನ್ನು ಓದಲಿಲ್ಲ. ಅಲ್ಲಿಯವರೆಗೆ ಓದಿದ ದನಿಯಲ್ಲೇ, ಅದೇ ನಿಧಾನದಲ್ಲಿ, ಹಾಳೆಯ ಮೇಲೆ ಬೆರಳಿಟ್ಟುಕೊಂಡು ಮುಂದುವರಿದೆ.

“ಗಂಟೆ ಮತ್ತೆ ಮತ್ತೆ ಬಾರಿಸಿತು. ಯಾರೂ ಇಳಿದು ಬರಲಿಲ್ಲ. ಸಾಮಾನು ತಂದವನು ಬೇಸತ್ತು ಹೋದ. ಏಕೆಂದರೆ ಮೇಲೆ ಯಾರೂ ಇರಲಿಲ್ಲ. ದರ್ಜಿ ಮನೆಯಿಂದ ಹೊರಟ ಮೇಲೆ, ಹಿಂದಿನ ಬೀದಿಯ ಮುದುಕಿಯೊಬ್ಬಳು ಬಂದು ಅಣ್ಣನ ಕೈ ಹಿಡಿದು ಇಳಿಸಿಕೊಂಡು ಹೋಗಿದ್ದಳು.”

ಪೆನ್ಸಿಲ್ ನೆಲಕ್ಕೆ ಬಿತ್ತು. ಬಡಗಿ ಬಗ್ಗಿ ಎತ್ತಿಕೊಳ್ಳಲಿಲ್ಲ. ತಿರುಗಿ ನೋಡಲೂ ಇಲ್ಲ.

“ಮುದುಕಿಗೆ ಎಲ್ಲ ಗೊತ್ತಿತ್ತು,” ಎಂದು ಓದಿದೆ. “ಅಣ್ಣ ಈಗ ಅವಳ ಮನೆಯಲ್ಲಿದ್ದ. ದರ್ಜಿ ಆನೆಯನ್ನು ಎತ್ತಿ ಹಿಡಿದೇ ಇದ್ದ. ಎಲ್ಲಿಡಬೇಕೆಂದು ತಿಳಿಯಲಿಲ್ಲ.” ಹಾಳೆಗಳನ್ನು ಮಡಚಿದೆ. “ಮುಗೀತು.”

“ಥೂ!” ಎಂದ ಗಡಿಯಾರದಣ್ಣ. “ಈ ಮುದುಕಿ ಎಲ್ಲಿಂದ ಬಂದ್ಲು? ಆಕಾಶದಿಂದ ಉದುರಿದ್ಲಾ? ಇಷ್ಟು ಅಧ್ಯಾಯದಲ್ಲಿ ಒಂದು ಸಲ ಆದ್ರೂ ಬಾಗಿಲಲ್ಲಿ ಇಣುಕಬೇಡವಾ?”

“ನಂಗೆ ಹಿಡಿಸಿದ್ಲಪ್ಪ,” ಎಂದಳು ನರ್ಸಮ್ಮ. “ಸದ್ಯ, ಆ ಅಣ್ಣ ಬದುಕಿದ್ನಲ್ಲ.”

“ಮುದುಕಿಗೆ ಹೇಗೆ ಗೊತ್ತಾಯ್ತು ಅನ್ನೋದೇ ಬಂದಿಲ್ಲ,” ಎಂದರು ಮೇಷ್ಟ್ರು. “ಅದು ದೊಡ್ಡ ತೂತು. ಸರಿ, ತಿರುಗಯ್ಯ, ಈಗ ನಿನ್ನ ಸರದಿ. ಏನು ಹೇಳ್ತೀಯ?”

ಬಡಗಿ ತಿರುಗಿದ. ಮುಖ ಶಾಂತವಾಗಿತ್ತು, ಉಜ್ಜಿ ನುಣುಪು ಮಾಡಿದ ಹಲಗೆಯ ಹಾಗೆ. ಅವರ್‍ಯಾರನ್ನೂ ನೋಡದೆ ನನ್ನನ್ನೇ ನೋಡುತ್ತ ಕೇಳಿದ:

“ಆ ಮುದುಕಿ ಮನೇಲಿ ಒಬ್ಬಳೇ ಇರ್ತಾಳಾ?”

“ನೋಡ್ರಪ್ಪ, ಬರೆದವನೇ ನಮ್ಮನ್ನ ಕೇಳ್ತಾನೆ!” ಮೇಷ್ಟ್ರು ಗಹಗಹಿಸಿದರು. ಗಡಿಯಾರದಣ್ಣನೂ ನಕ್ಕ.

ಆ ನಗು ನಿಲ್ಲಲೆಂದು ಕಾದೆ. ನಾನು ಕಾಯುವುದರಲ್ಲಿ ಪಳಗಿದವಳು. ಆಮೇಲೆ ಆ ಕೋಣೆಯಲ್ಲಿ ಯಾರೂ ಕೇಳಬಾರದ್ದನ್ನು ಕೇಳಿದೆ.

“ಇದು ನಿಜಾನಾ, ಬಡಗಿ?”

“ಅಜ್ಜಿ!” ಮೇಷ್ಟ್ರ ದನಿ ಏರಿತು.

“ನಿಯಮ ಇದೆಯಲ್ಲ ಅಜ್ಜಿ,” ಎಂದ ಬಡಗಿ ಮೆಲ್ಲಗೆ. ಕೈ ಚಾಚಿದ. “ಹಾಳೆ ಕೊಡಿ.”

ನಾನು ಅವನಿಗೆ ಕೊಡಲಿಲ್ಲ. ಮೇಷ್ಟ್ರ ಮುಂದಿಟ್ಟೆ. “ಗಂಟೆ ಒತ್ತಿದ ಸಾಲಿನಿಂದ ಮುಂದೆ ನೀವೇ ಓದಿ. ನಾನು ಓದಿದ ಮುದುಕಿ ಅದರಲ್ಲಿ ಇಲ್ಲ. ಇವನಿಗೆ ಅಣ್ಣನೂ ಇಲ್ಲ. ಕಣ್ಣು ಕಾಣದ ಅಕ್ಕ ಇದ್ದಾಳೆ. ಮೆಟ್ಟಿಲ ಕಂಬಿ ಅಂಗಡಿ ಮುಂದೆ ಒರಗಿದೆ, ಹೋಗಿ ನೋಡಿ. ಇವತ್ತು ಈ ಹೊತ್ತಿಗೆ ಗಂಟೆ ಒತ್ತೋಕೆ ಯಾರಿಗೋ ಹೇಳಿಟ್ಟಿದ್ದಾನೆ.”

ಮೇಷ್ಟ್ರು ಓದಿದರು. ಓದುತ್ತ ಓದುತ್ತ ಅವರ ಮುಖದ ರಕ್ತ ಇಳಿಯಿತು. ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. “ಎಷ್ಟೋ ಹೊತ್ತು ಯಾರೂ ಬರದೇ ಇದ್ರೆ ಅಂತ ಹೇಳಿಕೊಟ್ಟವಳು ನಾನೇ,” ಎಂದಳು. ಗಡಿಯಾರದಣ್ಣ ಮಾತ್ರ ಎದ್ದು ಬಾಗಿಲಿಗೆ ಅಡ್ಡ ನಿಂತ. ಪಾಪ, ಸಣಕಲ ಅವನು, ನಿಂತದ್ದೇ ದೊಡ್ಡದು.

“ಕಥೆ ಬರೆದಿದ್ದೀನಿ,” ಎಂದ ಬಡಗಿ. “ನೀವೆಲ್ಲ ಸೇರಿ ತಿದ್ದಿದ್ದೀರಿ. ಬೇರೇನಾದ್ರೂ ನಡೆದಿದೆಯಾ?”

ಅವನು ಕುರ್ಚಿಯನ್ನು ಎತ್ತಿ ಸರಿಯಾಗಿ ಮೇಜಿಗೆ ಸೇರಿಸಿಟ್ಟ. ಗಡಿಯಾರದಣ್ಣನ ಭುಜವನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿ, ಮೆಟ್ಟಿಲಿಳಿದು ಹೋದ. ಅವಸರವಿಲ್ಲದ ಹೆಜ್ಜೆ. ಕೆಳಗೆ ಬೀದಿಯಲ್ಲಿ ಯಾವ ಕಡೆಗೆ ತಿರುಗಿದನೋ ಕಾಣಲಿಲ್ಲ.

ಹಾಳೆಗಳನ್ನು ಎತ್ತಿಕೊಂಡು ಮೇಷ್ಟ್ರು ಠಾಣೆಗೆ ಹೊರಟರು. ಪೊಲೀಸರು ಕೇಳುತ್ತಾರೋ ನಗುತ್ತಾರೋ ಎಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಉಳಿದಿಬ್ಬರು ನನ್ನ ಜೊತೆ ಮನೆಗೆ ಬಂದರು. ಬೀಗ ಹಾಗೇ ಇತ್ತು. ಬೀಗದ ಕೈಯನ್ನು ನನ್ನಿಂದ ಇಸಿದುಕೊಂಡು ನರ್ಸಮ್ಮ ತೆಗೆದಳು.

ಅಕ್ಕ ನಾನು ಕೂರಿಸಿದ ಜಾಗದಲ್ಲೇ ಕೂತಿದ್ದಳು. ಮೂರು ಜೊತೆ ಹೆಜ್ಜೆ ಕೇಳಿ ತಲೆ ಎತ್ತಿದಳು.

“ತಮ್ಮ ಬಂದಿಲ್ವಾ?”

“ಇಲ್ಲ.”

“ಕಥೆ ಮುಗೀತಾ?”

ನಾನು ಅವಳ ಪಕ್ಕ ಕೂತು ಹೇಳಿದೆ. ದರ್ಜಿಯನ್ನು ಬಡಗಿ ಎಂದೆ, ಅಣ್ಣನನ್ನು ಅಕ್ಕ ಎಂದೆ. ನಾವು ಮೇಜಿನ ಸುತ್ತ ಕೂತು ಹೇಳಿಕೊಟ್ಟದ್ದನ್ನೂ ಬಿಡಲಿಲ್ಲ. ಅವಳು ಅಳುತ್ತಾಳೆ, ಇಲ್ಲವೇ ನನ್ನ ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ಬಣ್ಣಕ್ಕೆ ಅಂತ ಬಿಚ್ಚಿದವನು ತಿರುಗಿ ಜೋಡಿಸೋ ಸದ್ದು ಕೇಳ್ತೀನಿ ಅಂತ ದಿನಾ ಕಾಯ್ತಿದ್ದೆ,” ಎಂದಳು. “ಅವನ ಕೈಯ ಒಂದೊಂದು ಕೆಲಸದ ಸದ್ದೂ ನನಗೆ ಗೊತ್ತು. ಬಣ್ಣ ಒಣಗಿ ಎರಡು ದಿನ ಆಯ್ತು, ವಾಸನೇಲೇ ಗೊತ್ತಾಗುತ್ತೆ. ಯಾಕೋ ಜೋಡಿಸ್ಲಿಲ್ಲ ಅಂತ ನಾನು ಕೇಳ್ಲಿಲ್ಲ.”

“ಯಾಕಮ್ಮಾ?” ಎಂದಳು ನರ್ಸಮ್ಮ.

“ಕೇಳಿದ್ರೆ ಹೇಳಿಬಿಡ್ತಿದ್ದ ಅವನು. ನನ್ನ ಹತ್ತಿರ ಯಾವತ್ತೂ ಸುಳ್ಳು ಹೇಳಿದವನಲ್ಲ.”

ಹೊರಗೆ ಬೀದಿಯಲ್ಲಿ ಯಾರೋ ನಡೆದು ಹೋದರು. ನಾವು ಮೂವರೂ ಬಾಗಿಲ ಕಡೆ ನೋಡಿದೆವು. ಅವಳೊಬ್ಬಳೇ ಕತ್ತು ಓರೆ ಮಾಡಿ ಆ ಹೆಜ್ಜೆಯನ್ನು ಕೊನೆಯವರೆಗೂ ಕೇಳಿದಳು.

“ಅವನಲ್ಲ,” ಎಂದಳು. ನನ್ನ ಕೈ ಹಿಡಿದುಕೊಂಡು, “ಒಳಗಿನ ಚಿಲಕ ಹಾಕಿಬಿಡಿ, ಅಕ್ಕಾ. ಅವನು ಬಂದ್ರೆ ನಿಮಗಿಂತ ಮೊದಲು ನನಗೆ ಗೊತ್ತಾಗುತ್ತೆ. ಆದ್ರೆ ನಾನು ಬಾಗಿಲು ತೆಗೆಯೋಕೆ ಎದ್ರೆ, ನೀವು ನನ್ನ ಬಿಡಬೇಡಿ,” ಎಂದಳು.